ಎಂಟು ಪಾದಕ್ಕೆ ಹೊರಟರೆ ರೈಲು

ಗಡಿಯಾರವೆಂಬುದು ಸೋಮಾರಿಗಳ ಊರುಗೋಲು! ತನ್ನ ನೆರಳನ್ನು ತಾನೇ ಓದಲು ಬಾರದವನು ಗೋಡೆಗೆ ಮೊಳೆ ಹೊಡೆದು, ಒಂದು ಡಬ್ಬಿ ತೂಗುಹಾಕಿ, ಅದರ ಎರಡು ಮುಳ್ಳುಗಳ ಅಪ್ಪಣೆಗೆ ಕಾದು ಕೂತಿರುತ್ತಾನೆ. ಇನ್ನು ಮೇಲೆ ಈ ಮನೆಯಲ್ಲಿ ಹೊತ್ತು ಹೇಳುವವನು ನಾನು. ಸಾಕ್ಷಿ ಹೇಳುವವನು ಸೂರ್ಯ!

ಹೀಗೆಂದು ನಾನು, ಅಂದರೆ ಚಿತ್ತಾಪುರದ ತಹಸೀಲ ಕಚೇರಿಯ ಕಾರಕೂನ ಬಸವಂತರಾಯ, ಯುಗಾದಿಯ ಮರುದಿನ ನಮ್ಮ ಅಂಗಳದಲ್ಲಿ ನಿಂತು ಘೋಷಿಸಿದೆ. ಕೇಳಿದವರು ಇಬ್ಬರು: ನನ್ನ ಹೆಂಡತಿ ಶರಣಬಸಮ್ಮ ಮತ್ತು ಗೂಟಕ್ಕೆ ಕಟ್ಟಿದ ಎಮ್ಮೆ. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿತು. ಹೆಂಡತಿ ಅಷ್ಟೂ ಮಾಡಲಿಲ್ಲ.

"ಗಡ್ಯಾಳ ಮುರದವರು ನೀವು. ಶಹಾಬಾದಕ್ಕ ಒಯ್ದು ರಿಪೇರಿ ಮಾಡಸ್ರಿ ಅಂದ್ರ ಭಾಷಣ ಮಾಡ್ಲಿಕತ್ತೀರಿ" ಎಂದಳು.

ನಿಜ ಹೇಳಿಬಿಡುತ್ತೇನೆ. ಸೇಡಂನ ನಮ್ಮ ಮಾವನವರು ಮದುವೆಯಲ್ಲಿ ಕೊಟ್ಟ ಗೋಡೆ ಗಡಿಯಾರ ಅದು. ದಿನಕ್ಕೊಮ್ಮೆ ಕೀಲಿ ಕೊಡಬೇಕಿತ್ತು. ಒಂದೇ ಸಲ ಗಟ್ಟಿಯಾಗಿ ಕೊಟ್ಟರೆ ಒಂದು ವಾರ ನಡೆದೀತು ಎಂಬ ಮಹಾ ಯೋಚನೆ ನನ್ನದು. ಹದಿನಾರನೆಯ ಸುತ್ತಿಗೆ ಒಳಗೆ ಏನೋ 'ಟಣ್' ಎಂದಿತು. ಆಮೇಲೆ ಅದು ಏನೂ ಅನ್ನಲಿಲ್ಲ.

"ನಮ್ಮ ಮುತ್ಯಾ ರೇವಣಪ್ಪ ಎಪ್ಪತ್ತೆಂಟು ವರ್ಷ ಗಡ್ಯಾಳ ಇಲ್ದೆ ಬದುಕ್ಯಾನ. ಒಂದು ದಿನ ತಪ್ಪಿಲ್ಲ!" ಎಂದೆ.

"ಅವರು ಯಾವ ಕಚೇರಿಗೂ ಹೋಗಬೇಕಾಗಿರಲಿಲ್ಲ, ಯಾವ ರೈಲನೂ ಹಿಡೀಬೇಕಾಗಿರಲಿಲ್ಲ" ಎಂದು ಆಕೆ ರೊಟ್ಟಿ ಬಡಿಯಲು ಒಳಗೆ ಹೋದಳು.

ಮುತ್ಯಾನ, ಅಂದರೆ ನಮ್ಮ ಅಜ್ಜನ, ವಿದ್ಯೆ ಬಹಳ ಸುಲಭ. ಸಪಾಟಾದ ನೆಲದಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನೆಟ್ಟಗೆ ನಿಲ್ಲಬೇಕು. ನೆರಳಿನ ತಲೆ ಎಲ್ಲಿಗೆ ಮುಟ್ಟಿದೆಯೋ ಅಲ್ಲಿ ಗುರುತು ಮಾಡಬೇಕು. ಆಮೇಲೆ ನಿಂತ ಜಾಗದಿಂದ ಗುರುತಿನವರೆಗೆ ಪಾದಕ್ಕೆ ಪಾದ ಹಚ್ಚಿ ಅಳೆಯಬೇಕು. ದೊಡ್ಡ ಆಳಿಗೆ ದೊಡ್ಡ ನೆರಳು, ದೊಡ್ಡ ಪಾದ. ಸಣ್ಣ ಆಳಿಗೆ ಎರಡೂ ಸಣ್ಣವು. ಹಾಗಾಗಿ ಯಾರು ಅಳೆದರೂ ಲೆಕ್ಕ ಹೆಚ್ಚು ಕಡಿಮೆ ಒಂದೇ. ದೇವರು ಪ್ರತಿ ಮನುಷ್ಯನಿಗೂ ಹುಟ್ಟುವಾಗಲೇ ಒಂದು ಗಡಿಯಾರ ಕೊಟ್ಟು ಕಳಿಸಿದ್ದಾನೆ, ಕೀಲಿ ಕೊಡುವ ಕಾಟವೂ ಇಲ್ಲ!

ತೊಡಕು ಒಂದೇ. ಗುರುತು ಮಾಡಲು ಬಗ್ಗಿದರೆ ನೆರಳೂ ಬಗ್ಗುತ್ತದೆ. ಆದ್ದರಿಂದ ಗುರುತು ಮಾಡುವವರು ಬೇರೆ ಬೇಕು. ಮುಂಜಾನೆ ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿ, ಧೋತರವೊಂದನ್ನೇ ಉಟ್ಟು, ಮನೆಯ ಮುಂದಿನ ಓಣಿಯಲ್ಲಿ ನಾನು ಕಂಬದಂತೆ ನಿಲ್ಲುವುದು. ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ಕಸಬರಿಗೆಯ ತುದಿಯಿಂದ ಗೆರೆ ಎಳೆಯುವುದು.

"ಇನ್ನ ಸ್ವಲ್ಪ ಮುಂದ ಎಳೀ."

"ನೆಳ್ಳು ಇಲ್ಲೀತನಕ ಅದ. ಮುಂದ ಎಳದ್ರ ನೀವು ಉದ್ದ ಆಗ್ತೀರೇನು?"

ಮೂರು ದಿನಕ್ಕೇ ಓಣಿಯಲ್ಲಿ ಗದ್ದಲವೆದ್ದಿತು. ತಹಸೀಲ ಕಚೇರಿಯ ಕಾರಕೂನ ಮುಂಜಾನೆ ಎದ್ದು ಬಾಯಲ್ಲಿ ಎಣಿಸುತ್ತ ನೆಲ ಅಳೆಯುತ್ತಿದ್ದಾನೆ ಎಂದರೆ ಜನ ಏನು ತಿಳಿಯಬೇಕು? ಎದುರು ಮನೆಯವರು ರಾತ್ರೋರಾತ್ರಿ ತಮ್ಮ ಕಟ್ಟೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಕಟ್ಟಿಕೊಂಡರು! ಪಕ್ಕದ ಮನೆಯ ಟಾಂಗಾದ ಹಾಜಿಮಲಂಗ್ ಕೈಮುಗಿದು ಬಂದ.

"ಬಸವಂತರಾಯ ಸಾಬ್, ನಮ್ಮ ಕುದುರಿ ಕಟ್ಟೂ ಜಾಗಾ ಸರ್ಕಾರದ್ದಲ್ರೀ. ನಮ್ಮ ಅಬ್ಬಾಜಾನನ ಕಾಲದ್ದು."

"ಜಾಗಾ ಅಲ್ಲಪಾ, ಹೊತ್ತು ಅಳೀಲಿಕತ್ತೀನಿ!"

"ಹೊತ್ತಿಗೂ ಕಂದಾಯ ಬಂತೇನ್ರೀ?" ಎಂದು ಅವನು ಇನ್ನೂ ಗಾಬರಿಯಾದ.

ನಾನು ಹಿಂಜರಿಯಲಿಲ್ಲ. ನಾಲ್ಕು ದಿನ ಸ್ಟೇಷನ್ನಿನವರೆಗೆ ಹೋಗಿ, ವಾಡಿಯಿಂದ ಸೇಡಂ ಕಡೆಗೆ ಹೋಗುವ ಮುಂಜಾನೆಯ ಪ್ಯಾಸೆಂಜರ್ ಬಂದು ನಿಲ್ಲುವ ಹೊತ್ತಿಗೆ ನನ್ನ ನೆರಳು ಎಷ್ಟೆಂದು ನೋಡಿಬಂದೆ. ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡಕ್ಷರದಲ್ಲಿ ಬರೆದೆ: 'ಎಂಟು ಪಾದಕ್ಕೆ ಮನೆ ಬಿಡುವುದು. ಆರು ಪಾದಕ್ಕೆ ರೈಲು.' ಕಚೇರಿಯಲ್ಲಿ ಎಲ್ಲರೂ ನನ್ನನ್ನೇ ಹೊತ್ತು ಕೇಳತೊಡಗಿದರು. ಒಂದು ಮೋಡದ ದಿನ ಮಾತ್ರ ತಡವಾಗಿ ಹೋದೆ. ಪೇಶಕಾರ ಸಾಹೇಬರು ಹುಬ್ಬು ಗಂಟಿಕ್ಕಿದರು. "ಹುಜೂರ್, ಇವತ್ತು ಹೊತ್ತೇ ಹುಟ್ಟಿಲ್ಲ" ಎಂದೆ. ಅವರು ನಗಲಿಲ್ಲವೆಂಬುದು ಬೇರೆ ಮಾತು.

ಈ ನಡುವೆ ನನ್ನ ಹೆಂಡತಿಗೆ ತನ್ನದೇ ಒಂದು ಗಡಿಯಾರವಿದೆ ಎಂಬುದು ನನ್ನ ಕಿವಿಗೆ ಬಿತ್ತು. ನಮ್ಮದು ಮಣ್ಣಿನ ಮಾಳಿಗೆ. ಅಡುಗೆಮನೆಯ ನಡುವೆ ಮೇಲೊಂದು ಬೆಳಕಿಂಡಿ. ನೆಲಕ್ಕೆ ಶಹಾಬಾದದ ಪರಸಿ ಕಲ್ಲಿನ ಹಾಸು. ಮುಂಜಾನೆ ಬೆಳಕಿಂಡಿಯ ಬಿಸಿಲು ಪಡುವಣ ಗೋಡೆಯ ಮೇಲೆ ಬಿದ್ದು, ಮೆಲ್ಲಗೆ ಇಳಿದು, ನೆಲಕ್ಕೆ ಬಂದು, ಒಂದೊಂದೇ ಪರಸಿ ದಾಟುತ್ತ ಒಲೆಯ ಕಡೆ ಬರುತ್ತದೆ. ಬಿಸಿಲು ಯಾವ ಕಲ್ಲಿನ ಮೇಲಿದೆ ಎಂಬುದರ ಮೇಲೆ ಆಕೆ ಬೇಳೆ ಬೇಯಿಸುತ್ತಾಳೆ, ಮಜ್ಜಿಗೆ ಕಡೆಯುತ್ತಾಳೆ, ನನ್ನನ್ನು ಬೈಯುತ್ತಾಳೆ.

"ಬೆಳಕು ಗ್ವಾಡಿ ಇಳದು ನೆಲಕ್ಕ ತಾಕ್ತಂದ್ರ ನಿಮ್ಮ ಎಂಟು ಪಾದ. ಎರಡನೇ ಪರಸಿಗೆ ಬಂತಂದ್ರ ನಿಮ್ಮ ರೈಲು" ಎಂದಳು ಒಂದು ದಿನ, ಹೆಸರುಬೇಳೆ ಆರಿಸುತ್ತ.

ನಾನು ಹೊಟ್ಟೆ ಹಿಡಿದು ನಕ್ಕೆ. ಸೂರ್ಯಶಾಸ್ತ್ರವೆಲ್ಲಿ, ಅಡುಗೆಮನೆಯ ನೆಲವೆಲ್ಲಿ!

ವೈಶಾಖದಲ್ಲಿ ಆಕೆಯ ತಮ್ಮ ಅಂಬಾರಾಯನ ಲಗ್ನ ಗೊತ್ತಾಯಿತು. ಸೇಡಂನಲ್ಲಿ, ಮಾವನವರ ಮನೆಯ ಮುಂದಿನ ಹಂದರದಲ್ಲಿ. ಒಬ್ಬನೇ ತಮ್ಮ, ಒಬ್ಬಳೇ ಅಕ್ಕ. ಮುಹೂರ್ತಕ್ಕೆ ಅಕ್ಕಿಕಾಳು ಬೀಳುವಾಗ ವರನ ಬೆನ್ನಿಗೆ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ಇವಳೇ. ಎರಡು ವರ್ಷದಿಂದ ತವರಿನ ಹೊಸ್ತಿಲು ಕಂಡಿರಲಿಲ್ಲ. ಹದಿನೈದು ದಿನದಿಂದ ಆ ಒಂದೇ ಮಾತು, ಆ ಒಂದೇ ಸಂಭ್ರಮ. ಇನ್ನು ತಾಳಿ! ಚಿತ್ತಾಪುರದ ಅಕ್ಕಸಾಲಿಗರ ಕೈಕೆಲಸ ಚೆಂದವೆಂದು ಮಾವನವರು ಅದನ್ನು ಇಲ್ಲಿಯೇ ಮಾಡಿಸಿ ತರುವ ಜವಾಬ್ದಾರಿಯನ್ನು ನನಗೆ, ಅಳಿಯನಿಗೆ, ವಹಿಸಿದ್ದರು. ಮುಂಜಾನೆಯ ಪ್ಯಾಸೆಂಜರ್ ಹಿಡಿದರೆ ಮಧ್ಯಾಹ್ನದ ಮುಹೂರ್ತಕ್ಕೆ ಮುಂಚೆಯೇ ಸೇಡಂ. ತಪ್ಪಿದರೆ ಎತ್ತಿನ ಬಂಡಿ, ಅದು ಮುಟ್ಟುವಷ್ಟರಲ್ಲಿ ಸಂಜೆ.

ಆ ದಿನ ಬೆಳಕು ಹರಿಯುವ ಮುಂಚೆಯೇ ಎದ್ದು ನಾನು ರುಮಾಲು ಸುತ್ತಲು ಕೂತೆ. ಹದಿನೆಂಟು ಮೊಳದ ಜರಿ ರುಮಾಲು, ನನ್ನ ಮದುವೆಯದು. ನಾಲ್ಕು ಸಲ ಸುತ್ತಿ ಬಿಚ್ಚಿ, ಐದನೆಯ ಸಲ ಅದು ನಿಂತಿತು. ಏನು ನಿಲುವು! ಒಂದು ಗೇಣು ರುಮಾಲು, ಅದರ ನೆತ್ತಿಯಲ್ಲಿ ಎದ್ದು ನಿಂತ ತುರಾಯಿ. ಕನ್ನಡಿಯಲ್ಲಿ ನನ್ನನ್ನು ಕಂಡು ನಾನೇ ಸಲಾಮು ಹೊಡೆಯುವುದೊಂದು ಬಾಕಿ.

"ತಾಳಿ ಎಲ್ಲಿ ಅದ? ಕೊಡ್ರಿ, ಸೆರಗಿನಾಗ ಕಟ್ಟಿಕೊಳ್ತೀನಿ."

"ಸೆರಗಿನ ಗಂಟು ನಂಬಬಾರದು. ಇಲ್ಲಿ ಅದ" ಎಂದು ರುಮಾಲು ಮುಟ್ಟಿ ತೋರಿಸಿದೆ. "ಮೊದಲನೇ ಸುತ್ತಿನಾಗ ಇಟ್ಟೀನಿ. ನನ್ನ ತಲಿ ಹೋದ್ರ ಮಾತ್ರ ತಾಳಿ ಹೋಗಬೇಕು!"

ಆಕೆ ಪೆಟ್ಟಿಗೆ ಹೊರಗಿಟ್ಟಳು. ನಾನು ಓಣಿಗೆ ಬಂದು ಚಪ್ಪಲಿ ಕಳಚಿ, ಸೂರ್ಯನಿಗೆ ಬೆನ್ನು ಮಾಡಿ ನಿಂತೆ. ಆಹಾ, ನೆರಳಿನಲ್ಲೂ ತುರಾಯಿ ಎಷ್ಟು ಚೆಂದ ಕಾಣುತ್ತಿದೆ! ಹೆಂಡತಿಗೆ ಪುರಸೊತ್ತಿಲ್ಲವಾದ್ದರಿಂದ ಹಾಜಿಮಲಂಗನನ್ನು ಕರೆದು ತುರಾಯಿಯ ತುದಿಗೆ ಒಂದು ಕಲ್ಲು ಇಡಿಸಿದೆ. ಅಳೆದೆ. ಒಂಬತ್ತೂವರೆ ಪಾದ!

ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು. "ರೀ, ಬೆಳಕು ನೆಲಕ್ಕ ತಾಕೇದ. ನಡೀರಿ!"

"ಬೆಳಕಿಗೆ ಇವತ್ತು ನಿನಗಿಂತ ಅವಸರ ಆಗ್ಯದ. ಇನ್ನೂ ಒಂಬತ್ತೂವರಿ ಪಾದ. ಒಂದು ಲೋಟ ಚಹಾ ಮಾಡು."

"ಒಲಿ ಆರಿಸೀನಿ! ದಿನಾ ನಿಮ್ಮ ಪಾದ ನನ್ನ ಪರಸಿ ಎರಡೂ ಕೂಡಿ ಬರ್ತಿದ್ದವು. ಇವತ್ತ ಯಾಕ ಕೂಡವಲ್ವು?"

"ನಿನ್ನ ಪರಸಿ ಸರದಿರಬೇಕು."

"ಕಲ್ಲು ಸರೀತದೇನ್ರೀ?" ಎಂದಳು. "ನಿಮ್ಮ ಕೈ ಮುಗೀತೀನಿ. ಒಂದು ತಾಸು ಮುಂಚಿ ಹೋಗಿ ಸ್ಟೇಷನ್ನಿನಾಗ ಕುಂತ್ರ ಏನು ಕಳಕೋತೀರಿ?"

ಕಳೆದುಕೊಳ್ಳುವುದೇನೂ ಇರಲಿಲ್ಲ. ಆದರೆ ಹಾಜಿಮಲಂಗ್ ನೋಡುತ್ತಿದ್ದ, ಎದುರು ಮನೆಯವರು ನೋಡುತ್ತಿದ್ದರು. ಓಣಿಯ ಮುಂದೆ ಸೂರ್ಯಶಾಸ್ತ್ರವು ಅಡುಗೆಮನೆಗೆ ಸೋಲುವುದೆಂದರೇನು! "ಎಂಟು ಪಾದ ಆಗೂತನಕ ಈ ಬಸವಂತರಾಯ ಇಲ್ಲಿಂದ ಕದಲಂಗಿಲ್ಲ" ಎಂದು ಕಟ್ಟೆಯ ಮೇಲೆ ಕೂತುಬಿಟ್ಟೆ.

"ಹಂಗಾದ್ರ ತಾಳಿ ತಗದು ಕೊಡ್ರಿ."

"ಹದಿನೆಂಟು ಮೊಳ ಬಿಚ್ಚಿ, ಮತ್ತ ಹದಿನೆಂಟು ಮೊಳ ಸುತ್ತಲೇನು? ಅದು ಒಂದು ತಾಸಿನ ಕೆಲಸ! ನೀ ಹೋಗಿ ಸ್ಟೇಷನ್ನಿನಾಗ ನೊಣ ಹೊಡಕೋತ ಕುಂದ್ರು. ನಾ ಸಾವಕಾಶ ಬಂದು ನಿನಗಿಂತ ಮೊದಲ ಡಬ್ಬಿ ಹತ್ತತೀನಿ."

ಆಕೆ ನನ್ನನ್ನೊಮ್ಮೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಹಾಜಿಭಾಯಿ, ಟಾಂಗಾ ಹೂಡ್ರಿ" ಎಂದಳಷ್ಟೆ. ಪೆಟ್ಟಿಗೆ ಹತ್ತಿತು, ಆಕೆ ಹತ್ತಿದಳು, ಕುದುರೆ ಓಡಿತು.

ನಾನು ಎರಡು ಎಲೆ ಮೆಲ್ಲುತ್ತ ಕೂತೆ. ಎದುರು ಮನೆಯವರಿಂದ ಗುರುತು ಮಾಡಿಸಿ ಇನ್ನೆರಡು ಸಲ ಅಳೆದೆ. ನೆರಳು ಎಂಟು ಪಾದಕ್ಕೆ ಬಂದ ಕೂಡಲೇ, ಒಂದು ಬೆರಳು ಹೆಚ್ಚಿಲ್ಲ ಒಂದು ಬೆರಳು ಕಡಿಮೆಯಿಲ್ಲ, ಎದ್ದು ರಾಜಠೀವಿಯಿಂದ ಹೊರಟೆ. ಅರ್ಧ ದಾರಿಯಲ್ಲಿ ಖಾಲಿ ಟಾಂಗಾ ಎದುರು ಬಂತು.

"ಸಾಬ್, ಎಲ್ಲಿಗಿ ಹೊಂಟೀರಿ?" ಎಂದ ಹಾಜಿಮಲಂಗ್.

"ರೈಲಿಗೆ."

"ರೈಲು ಹೋತಲ್ರೀ! ಅಕ್ಕಾ ಕಿಡಕ್ಯಾಗಿಂದ ಕುತಿಗಿ ಹೊರಗ ಹಾಕಿ ದಾರಿ ನೋಡೇ ನೋಡಿದ್ರು. ಗಾರ್ಡ್ ಸೀಟಿ ಊದಿದ ಮ್ಯಾಲೂ ನೋಡಿದ್ರು. ಅಳ್ಲಿಕತ್ತಿದ್ರು ಸಾಬ್."

ಅಲ್ಲೇ ನಿಂತು ಬೆವತುಹೋದೆ. ಆಕೆಗೆ ಕಳಸವಿತ್ತು, ಅಂಬಾರಾಯನಿಗೆ ವಧುವಿದ್ದಳು, ಹಂದರವಿತ್ತು, ಬಂಧುಬಳಗವಿತ್ತು. ತಾಳಿ ಮಾತ್ರ ಚಿತ್ತಾಪುರದ ನಡುದಾರಿಯಲ್ಲಿ, ಒಬ್ಬ ಮೂರ್ಖನ ನೆತ್ತಿಯ ಮೇಲಿತ್ತು!

ಓಡಿದೆ. ಯಾಕೆ ಓಡಿದೆನೋ ತಿಳಿಯದು; ಹೋದ ರೈಲು ಓಡಿದರೆ ಸಿಗುತ್ತದೆಯೇ? ಸ್ಟೇಷನ್ನಿನಲ್ಲಿ ಒಂದು ನಾಯಿ ಮತ್ತು ನೀರಿನ ಕೊಡ ಬಿಟ್ಟು ಬೇರೆ ಯಾರೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ವಾಡಿಯ ಕಡೆಯಿಂದ ಒಂದು ಮಾಲಗಾಡಿ ಏದುಸಿರು ಬಿಡುತ್ತ ಬಂದು ನಿಂತಿತು. ಡಬ್ಬಿಗಳ ತುಂಬ ಶಹಾಬಾದದ ಪರಸಿ ಕಲ್ಲು. ಒಂದು ಡಬ್ಬಿಯಲ್ಲಿ ಕಲ್ಲಿನ ಮೇಲೆ ಕಾಲು ಚಾಚಿ ಕೂತವನು ನಮ್ಮ ಗುರುತಿನ ಬಂದೇನವಾಜ್. ಕಲ್ಲಿನ ಸಾಹುಕಾರರ ಆಳುಗಳ ಮೇಲಿನ ಮುಕಾದಮ.

"ಬಂದೇನವಾಜ್, ಸೇಡಂತನಕ ಹತ್ತಿಸಿಕೋಪಾ! ಲಗ್ನದ ತಾಳಿ ನನ್ನ ತಲಿಮ್ಯಾಗ ಅದ!"

"ತಲಿಮ್ಯಾಗ?" ಎಂದು ಅವನು ಮೇಲೆ ಕೆಳಗೆ ನೋಡಿದ. "ತಾಳಿ ಕೊಳ್ಳಾಗ ಕಟ್ತಾರಲ್ರೀ ಕಾರಕೂನ್ ಸಾಬ್?"

ವಿವರಿಸಲು ಉಸಿರಿರಲಿಲ್ಲ. ಅವನೇ ಕೈಹಿಡಿದು ಎಳೆದುಕೊಂಡ. ಗಾರ್ಡ್ ಬಂದು ನೋಡಿ, ನನ್ನ ಜರಿ ರುಮಾಲು ಕಂಡು, ಕಲ್ಲಿನ ಸಾಹುಕಾರ ತಾನೇ ಬಂದಿದ್ದಾನೆಂದು ತಿಳಿದು ಸಲಾಮು ಹೊಡೆದು ಹೋದ. ಆ ದಿನ ರುಮಾಲು ಮಾಡಿದ ಉಪಕಾರ ಅದೊಂದೇ.

ಆಮೇಲಿನ ಪಯಣವನ್ನು ಏನೆಂದು ಬಣ್ಣಿಸಲಿ! ಕೆಳಗೆ ಕಾದ ಕಲ್ಲು, ಮೇಲೆ ವೈಶಾಖದ ಬಿಸಿಲು. ಗಾಡಿ ಅಲುಗಿದಾಗಲೆಲ್ಲ ಬಿಳಿ ಪುಡಿ ಎದ್ದು ನನ್ನ ಮೇಲೆಯೇ ಇಳಿಯುತ್ತಿತ್ತು. ಮಳಖೇಡ ರೋಡಿನಲ್ಲಿ ಎದುರು ಗಾಡಿಗೆ ದಾರಿ ಬಿಡಲು ನಿಂತದ್ದು ನಿಂತೇ ನಿಂತಿತು. ನನ್ನ ಜೀವ ತಡೆಯದೆ, ಹೊತ್ತೆಷ್ಟಾಯಿತೆಂದು ನೆರಳು ಅಳೆಯಲು ಕೆಳಗಿಳಿಯಹೋದೆ. ಬಂದೇನವಾಜ್ ನನ್ನ ಧೋತರದ ಚುಂಗು ಹಿಡಿದು ಎಳೆದು ಕೂಡಿಸಿದ.

"ಇಳೀಬ್ಯಾಡ್ರಿ ಸಾಬ್. ಒಂದು ಗಾಡಿ ತಪ್ಪಿಸಿಕೊಂಡೀರಿ, ಸಾಕು."

ಸೇಡಂನಲ್ಲಿ ಇಳಿದು ಓಡುತ್ತ ಹಂದರಕ್ಕೆ ಬಂದಾಗ ವಾದ್ಯ ನಿಂತುಹೋಗಿತ್ತು. ಮದುಮಕ್ಕಳು ಬಾಡಿದ ಬಾಸಿಂಗದಲ್ಲಿ ಕೂತಿದ್ದರು. ಅವರ ಹಿಂದೆ ನನ್ನ ಹೆಂಡತಿ ಕಳಸ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ! ಕಣ್ಣು ಕೆಂಪಾಗಿತ್ತು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ. ನನ್ನ ಜಂಬದ ಮೇಲೆ ನನಗೇ ಅಸಹ್ಯವಾಯಿತು.

"ಯಾರೀ ಸುಣ್ಣದ ಮನಿಶಾ?" ಎಂದಿತು ಒಂದು ಧ್ವನಿ.

"ನಮ್ಮ ಅಳಿಯಂದ್ರು" ಎಂದರು ಮಾವನವರು, ಹೇಳಲು ಮನಸ್ಸಿಲ್ಲದವರಂತೆ.

ಮಠದ ಅಯ್ಯನವರು ಹಂದರದ ಹೊರಗೆ ಬಿಸಿಲಲ್ಲಿ ಪಾದಕ್ಕೆ ಪಾದ ಹಚ್ಚಿ ನಡೆಯುತ್ತಿದ್ದರು. ಅವರದೂ ನನ್ನ ಮುತ್ಯಾನ ವಿದ್ಯೆಯೇ! ಒಳಗೆ ಬಂದು ತಲೆಯಾಡಿಸಿದರು. "ನೆಳ್ಳು ನಾಕು ಪಾದ ದಾಟೂದ್ರೊಳಗ ಅಕ್ಕಿಕಾಳು ಬೀಳಬೇಕಾಗಿತ್ತು. ಈಗ ನಾಕೂಕಾಲು ಆಗ್ಯದ. ಘಳಿಗಿ ಮೀರ್ತು. ಇನ್ನ ಮುಂದಿನ ತಿಂಗಳಾ."

ಮುಂದಿನ ತಿಂಗಳು! ವಧುವಿನ ಕಡೆಯವರು ಎದ್ದು ನಿಂತರು. ನನ್ನ ಅತ್ತೆ ಸೆರಗು ಬಾಯಿಗಿಟ್ಟುಕೊಂಡರು.

"ಮೊದಲ ತಾಳಿ ತಗೀರಿ" ಎಂದಳು ನನ್ನ ಹೆಂಡತಿ.

ಅಂಬಾರಾಯನೇ ಎದ್ದು ಬಂದು ರುಮಾಲಿನ ಚುಂಗು ಹಿಡಿದೆಳೆದ. ನಾನು ಬುಗುರಿಯಂತೆ ತಿರುಗಿದೆ. ಸುತ್ತಿಗೊಮ್ಮೆ ಕಲ್ಲಿನ ಪುಡಿ ಹೊಗೆಯಂತೆ ಎದ್ದು ಮುಂದಿನ ಸಾಲಿನ ಬೀಗರು ಕೆಮ್ಮಿದರು. ಹದಿನೆಂಟು ಮೊಳ! ಮೊದಲನೆಯ ಸುತ್ತಿನಲ್ಲಿಟ್ಟದ್ದು ಕೊನೆಗೇ ಬರಬೇಕಲ್ಲ? ತುರಾಯಿ ಹೋಯಿತು, ಜರಿ ಹೋಯಿತು, ಮರ್ಯಾದೆ ಹೋಯಿತು. ಕಟ್ಟಕಡೆಗೆ ತಾಳಿ ಟಪ್ಪೆಂದು ಅತ್ತೆಯವರ ಉಡಿಯಲ್ಲಿ ಬಿತ್ತು. ನಾನು ಬೋಳು ತಲೆಯಲ್ಲಿ ಸಭೆಯ ನಡುವೆ ನಿಂತಿದ್ದೆ.

ನನ್ನ ಹೆಂಡತಿ ಒಂದು ಗಳಿಗೆ ನನ್ನ ತಲೆಯನ್ನೇ ನೋಡಿದಳು. ಆಮೇಲೆ ಅಯ್ಯನವರ ತಲೆಯ ಮೇಲಿದ್ದ ಕಾವಿ ರುಮಾಲನ್ನು ನೋಡಿದಳು. ಆಕೆಯ ಮುಖ ಅರಳಿತು.

"ಅಯ್ಯನೋರ, ತಪ್ಪು ತಿಳೀಬ್ಯಾಡ್ರಿ. ಇವರು ಬರೀ ತಲೀಲಿ ಅಳದಾಗೆಲ್ಲ ನನ್ನ ಪರಸಿಗೆ ಕೂಡಿ ಬರ್ತಿತ್ತು. ಇವತ್ತ ರುಮಾಲ ಸುತ್ತಿಕೊಂಡು ಅಳದ್ರು, ರೈಲು ತಪ್ಪಿಸಿಕೊಂಡ್ರು. ರುಮಾಲಿನ ನೆಳ್ಳೂ ಕೂಡಿ ಉದ್ದ ಆಗಿತ್ತು! ಮುಂಜಾನಿ ನೆಳ್ಳು ಉದ್ದ ಇದ್ರ ಹೊತ್ತು ಇನ್ನೂ ಅದ ಅನಸ್ತದ. ಮಧ್ಯಾಹ್ನದ ಮ್ಯಾಲ ಉದ್ದ ಇದ್ರ ಹೊತ್ತು ಹೋತು ಅನಸ್ತದ. ಈಗ ಇವರ ತಲಿ ಖಾಲಿ ಅದ. ಇವರನ್ನ ನಿಲ್ಲಿಸಿ ಅಳೀರಿ!"

ಅಯ್ಯನವರು ತಮ್ಮ ರುಮಾಲನ್ನೊಮ್ಮೆ ಮುಟ್ಟಿ ನೋಡಿಕೊಂಡು, ನನ್ನ ರಟ್ಟೆ ಹಿಡಿದು ಬಿಸಿಲಿಗೆ ಎಳೆದುಕೊಂಡು ಹೋದರು. ನಾನು ಕಂಬದಂತೆ ನಿಂತೆ. ಅವರೇ ಬಗ್ಗಿ ಗುರುತು ಮಾಡಿದರು. ಇಡೀ ಸೇಡಂ ನನ್ನ ಜೊತೆ ಎಣಿಸಿತು: "ಒಂದು... ಎರಡು... ಮೂರು..." ಇನ್ನು ಅರ್ಧ ಪಾದ ಇಡುವಷ್ಟರಲ್ಲಿ ಗುರುತು ಸಿಕ್ಕಿತು.

"ಮೂರೂವರಿ! ಅರ್ಧ ಪಾದ ಉಳದದ! ವಾದ್ಯ ಬಾರಸ್ರೋ!" ಎಂದು ಅಯ್ಯನವರು ಹಂದರದೊಳಗೆ ಓಡಿದರು.

ಅಕ್ಕಿಕಾಳು ಬಿದ್ದವು. ಅರ್ಧ ಅಂಬಾರಾಯನ ಮೇಲೆ, ಅರ್ಧ ನನ್ನ ಬೋಳು ತಲೆಯ ಮೇಲೆ. ಕಳಸ ಹಿಡಿದ ನನ್ನ ಹೆಂಡತಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಆಕೆಯ ಅಡುಗೆಮನೆಯ ನೆಲಕ್ಕೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ.

ಮರುದಿನ ಮುಂಜಾನೆ ಮಾವನವರ ಕಟ್ಟೆಯ ಮೇಲೆ, ರುಮಾಲು ಒಗೆಸಿ ಹೊಸದಾಗಿ ಸುತ್ತಿಕೊಂಡು, ಹೋದ ಮರ್ಯಾದೆಯಲ್ಲಿ ಉಳಿದಷ್ಟನ್ನು ಕೂಡಿಸಿಕೊಂಡು ಕೂತಿದ್ದೆ. ನೆರೆಮನೆಯ ಮುದುಕಿ ಯಂಕಮ್ಮ ಕೋಲೂರಿಕೊಂಡು ಬಂದಳು. ಆಕೆ ಲಗ್ನಕ್ಕೆ ಬಂದಿರಲಿಲ್ಲ.

"ಯಪ್ಪಾ, ಹೊತ್ತು ಎಷ್ಟಾತು?"

ನಾನು ಕಟ್ಟೆಯಿಂದ ಇಳಿದು, ಎರಡೂ ಕೈಯಿಂದ ರುಮಾಲನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಬರಿತಲೆಯಲ್ಲಿ ಆಕೆಯ ಮುಂದೆ ನಿಂತೆ. ಮುದುಕಿಯ ಕಣ್ಣು ತುಂಬಿ ಬಂತು.

"ಎಂಥಾ ಅಳಿಯನ್ನ ಪಡದೀರವ್ವಾ! ಸರ್ಕಾರಿ ಕಚೇರಿ ಮನಿಶಾ, ನನ್ನಂಥ ಮುದುಕಿ ಮುಂದ ರುಮಾಲ ಇಳಿಸಿ ನಿಂತಾನ. ಏನು ನಮ್ರತಿ, ಏನು ನಮ್ರತಿ!"

ಒಳಗಿನಿಂದ ನನ್ನ ಹೆಂಡತಿಯ ಧ್ವನಿ ಬಂತು:

"ನಮ್ರತಿ ಗಿಮ್ರತಿ ಏನಿಲ್ಲ ಬಿಡು ಯಂಕಮ್ಮಾಯಿ. ರುಮಾಲ ಇದ್ರ ಅವರಿಗೆ ರೈಲು ಸಿಗಂಗಿಲ್ಲ!"